ಬಿಡಬೇಕಾದ ಊರುಗಳು

ಪೋರ್ಚುಗಲ್ ಚಿಕ್ಕ ದೇಶ. ವಿಸ್ತೀರ್ಣದಲ್ಲಿ ಕರ್ನಾಟಕದ ಅರ್ಧಕ್ಕೂ ಕಡಿಮೆ. ಉತ್ತರದ ಗಡಿಯಿಂದ ದಕ್ಷಿಣದ ಕಡಲತೀರದವರೆಗೆ ಅಳೆದರೆ 560 ಕಿಲೋಮೀಟರ್ ಆಸುಪಾಸು. ಬೀದರಿನಿಂದ ಮೈಸೂರಿಗೆ ದಸರಾ ನೋಡಲು ಬರುವವರು ಇದಕ್ಕಿಂತ ಹೆಚ್ಚು ದೂರ ಬಸ್ಸಿನಲ್ಲಿ ಕೂತು ಬರುತ್ತಾರೆ. ಪ್ರವಾಸದ ಯೋಜನೆ ಕೆಡುವುದು ಈ ಚಿಕ್ಕತನದಿಂದಲೇ. ರಷ್ಯಾದ ನಕ್ಷೆ ಬಿಡಿಸಿದವರು 'ಇದೆಲ್ಲ ನಮ್ಮಿಂದಾಗದು' ಎಂದು ಮೊದಲೇ ಕೈಚೆಲ್ಲಿ ಒಂದೆರಡು ಊರಿಗೆ ತೃಪ್ತಿಪಡುತ್ತಾರೆ. ಪೋರ್ಚುಗಲ್ಲಿನ ನಕ್ಷೆ ಹಾಗಲ್ಲ. ಲಿಸ್ಬನ್ ಪಕ್ಕದಲ್ಲೇ ಸಿಂತ್ರಾ, ಅದರ ಮೇಲೆ ಓಬಿದುಶ್, ಇನ್ನೊಂದು ಬೆರಳು ಮೇಲಕ್ಕೆ ಹೋದರೆ ನಜರೆ, ಅಲ್ಲೇ ಬಲಕ್ಕೆ ತೊಮಾರ್. 'ಇಷ್ಟು ಹತ್ತಿರ ಬಂದ ಮೇಲೆ ಅದೊಂದನ್ನ ಯಾಕೆ ಬಿಡೋದು?' ಅನ್ನಿಸುತ್ತದೆ. ಅದೊಂದು, ಅದೊಂದು ಅಂತಲೇ ಪಟ್ಟಿ ಬೆಳೆಯುತ್ತದೆ.

ಇವರು ನಿವೃತ್ತರಾದ ಮೇಲೆ ನಾವಿಬ್ಬರೂ ಒಂದು ಮಾತಿಗೆ ಬಂದಿದ್ದೆವು: ಯುರೋಪಿನಲ್ಲಿ ಒಂದೇ ದೇಶ, ಅದೂ ನಿಧಾನವಾಗಿ. ಬೆಳಿಗ್ಗೆ ಕಾಫಿ ಕುಡಿದು, ಇನ್ನೂ ಒಂದು ಕುಡಿಯೋಣವೇ ಎಂದು ಚರ್ಚಿಸಿ, ಆಮೇಲೆ ಎದ್ದು ಎತ್ತ ಹೋಗುವುದೆಂದು ಯೋಚಿಸುವಂಥ ಪ್ರವಾಸ. ಹಳೆಯ ಕ್ಯಾಲೆಂಡರಿನ ಹಾಳೆ ಹರಿದು, ಅದರ ಬೆನ್ನಿಗೆ ಇವರು ಸ್ಕೇಲಿಟ್ಟು ಗೆರೆ ಎಳೆದು ಮನೆಗಳನ್ನು ಮಾಡಿದರು. ದಿನಕ್ಕೊಂದು ಮನೆ. ಬ್ಯಾಂಕಿನಲ್ಲಿ ಜೀವಮಾನ ಕಳೆದವರು. ಖಾಲಿ ಮನೆ ಕಂಡರೆ ಅವರಿಗೆ ಲೆಕ್ಕ ತಾಳೆಯಾಗಿಲ್ಲ ಅನ್ನಿಸುತ್ತದೆ. ವಾರ ಕಳೆಯುವಷ್ಟರಲ್ಲಿ ಮನೆಗೆ ಎರಡೆರಡು ಊರು ಬಂದು ಕೂತಿದ್ದವು. ಒಂದು ಮೂಲೆಯಲ್ಲಂತೂ ಪೆನ್ಸಿಲ್ಲಿನಲ್ಲಿ ಸಣ್ಣದಾಗಿ 'ಸಾಧ್ಯವಾದರೆ ಸ್ಪೇನ್' ಎಂದಿತ್ತು.

ಇದರಲ್ಲಿ ನಮ್ಮ ಭಾವನ ಕೈವಾಡವೂ ಇದೆ. ಭಾವ, ಅಕ್ಕ ಇಬ್ಬರೂ ಗುಂಪಿನ ಪ್ರವಾಸದಲ್ಲಿ ಯುರೋಪು ಸುತ್ತಿ ಬಂದವರು. ಯಾವ ಊರಿನ ಹೆಸರೆತ್ತಿದರೂ ಭಾವ "ಅದಾ? ನೋಡಿದೀವಿ, ಬಸ್ಸಿಂದಾನೇ ಕಾಣ್ಸುತ್ತೆ" ಅನ್ನುತ್ತಾರೆ. ಅವರ ಫೋಟೋಗಳಲ್ಲಿ ದೇಶ ಬದಲಾಗುತ್ತದೆ, ಅಕ್ಕನ ನೇರಳೆ ಸ್ವೆಟರೂ ನಿದ್ದೆಗಣ್ಣೂ ಬದಲಾಗುವುದಿಲ್ಲ. ಹಾಗಂತ ಭಾವನನ್ನು ಆಡಿಕೊಳ್ಳುವಂತಿಲ್ಲ. ಲಕ್ಷಗಟ್ಟಲೆ ಸುರಿದು ಜೀವಮಾನಕ್ಕೊಮ್ಮೆ ಹೋಗುವವರಿಗೆ, ನೋಡದೆ ಬಂದ ಊರು ನಷ್ಟದ ಬಾಬತ್ತಾಗಿಯೇ ಕಾಣುತ್ತದೆ. ಹೋಗಿ ಬಂದವರಿಗೆ ನಮ್ಮ ಜನ ಕೇಳುವ ಪ್ರಶ್ನೆಯಾದರೂ ಎಂಥದ್ದು! "ಅಷ್ಟು ದೂರ ಹೋಗಿ ಅದನ್ನ ನೋಡ್ಲೇ ಇಲ್ವಾ?" ನಮ್ಮ ಅರ್ಧ ಪ್ರವಾಸಗಳು ರೂಪುಗೊಳ್ಳುವುದು ಈ ಪ್ರಶ್ನೆಯ ಹೆದರಿಕೆಯಲ್ಲಿ. ಮದುವೆ ಪಂಕ್ತಿಯಲ್ಲಿ ಬಡಿಸುವವರು ಬಂದಾಗಲೆಲ್ಲ ಎಲೆಯ ಮೇಲೆ ಕೈ ಅಡ್ಡ ಹಿಡಿಯಲು ಬಾರದವರ ಗತಿಯೇ ಇಲ್ಲೂ: ಹೋಳಿಗೆ ಬರುವ ಹೊತ್ತಿಗೆ ಹೊಟ್ಟೆಯಲ್ಲಿ ಜಾಗವಿರುವುದಿಲ್ಲ.

ಹಾಗಾಗಿ ನಾನು ರಬ್ಬರ್ ಹಿಡಿದು ಕೂತೆ.

ನನ್ನ ವಾದ ಸರಳವಾದದ್ದು. ಊರಿಂದೂರಿಗೆ ರೈಲು ಒಂದೂವರೆ ಗಂಟೆಯದ್ದೇ ಇರಬಹುದು, ಆದರೆ ಹಾಸಿಗೆ ಬದಲಾಯಿಸಿದ ದಿನ ಅರ್ಧ ದಿನ ಹೋಯಿತೆಂದೇ ಲೆಕ್ಕ. ಬೆಳಿಗ್ಗೆ ಹನ್ನೊಂದಕ್ಕೆಲ್ಲ ಕೋಣೆ ಖಾಲಿ ಮಾಡಬೇಕು, ಹೊಸ ಊರಿನಲ್ಲಿ ಕೋಣೆ ಕೊಡುವುದು ಮಧ್ಯಾಹ್ನ ಮೂರಕ್ಕೆ. ನಡುವಿನ ಹೊತ್ತಿನಲ್ಲಿ ನಾವು ಎಲ್ಲಿಯೂ ಸಲ್ಲದವರು. ಮೇಲೆ ಸಾಮಾನು ಬೇರೆ. ಅಕ್ಕನ ಮಗ ಪೋರ್ಚುಗಲ್ಲಿನ ಕೊಯಿಂಬ್ರಾದಲ್ಲಿ ಓದಿ ಬಂದವನು, ನಿಧಾನದಲ್ಲಿ ಅವರಪ್ಪನಿಗೆ ತದ್ವಿರುದ್ಧ. ಅವನು ಹೇಳಿದ ಮೊದಲ ಮಾತು: "ಚಿಕ್ಕಮ್ಮ, ಚಕ್ರದ ದೊಡ್ಡ ಸೂಟ್‌ಕೇಸ್ ಮಾತ್ರ ತರ್ಬೇಡಿ." ಅಲ್ಲಿನ ಕಾಲುದಾರಿಗಳಿಗೆಲ್ಲ ಮುಷ್ಟಿಯೊಳಗೆ ಹಿಡಿಸುವಂಥ ಸುಣ್ಣದಕಲ್ಲಿನ ತುಂಡುಗಳನ್ನು ಕೈಯಲ್ಲೇ ಒಂದೊಂದಾಗಿ ಕೂರಿಸಿರುತ್ತಾರೆ. ಬಿಳಿಯ ನಡುವೆ ಕರಿಕಲ್ಲಿಟ್ಟು ಅಲೆ, ಬಳ್ಳಿ, ಹಡಗುಗಳ ಚಿತ್ತಾರ. ಫೋಟೋದಲ್ಲಿ ಕಣ್ಣಿಗೊತ್ತಿಕೊಳ್ಳುವಂತಿರುತ್ತದೆ. ಸೂಟ್‌ಕೇಸಿನ ಸಣ್ಣ ಚಕ್ರ ಮಾತ್ರ ಹೆಜ್ಜೆಗೊಂದು ಸಂದಿಗೆ ಸಿಕ್ಕಿ, ಕಟಕಟ ಸದ್ದು ಇಡೀ ಬೀದಿಗೆ ಕೇಳಿ, ಕೊನೆಗೆ ಹಿಡಿಕೆಯೊಂದೇ ಕೈಗೆ ಬರುತ್ತದಂತೆ. ವರ್ಷಾನುಗಟ್ಟಲೆ ಜನ ತುಳಿದು ಕಲ್ಲು ನುಣ್ಣಗಾಗಿರುವುದರಿಂದ ಮಳೆ ಬಿದ್ದರೆ ಜಾರುತ್ತದೆ ಬೇರೆ. ಲಿಸ್ಬನ್, ಪೋರ್ಟೊ ಎರಡೂ ಏರಿಳಿತದ ಊರುಗಳು. ಇದನ್ನು ಕೇಳಿದ ಮೇಲೆ ಇವರೇ ಎರಡು ಊರು ಅಳಿಸಿದರು, ಸ್ಪೇನನ್ನೂ ಸೇರಿಸಿ.

ಮಿಕ್ಕ ಊರುಗಳನ್ನು ಒಂದೇ ದಾರಕ್ಕೆ ಪೋಣಿಸುವ ಕೆಲಸ ಅಷ್ಟು ಕಷ್ಟವಾಗಲಿಲ್ಲ. ಬೆಂಗಳೂರಿನಿಂದ ನೇರ ವಿಮಾನವಿಲ್ಲ, ಹೇಗಿದ್ದರೂ ನಡುವೆ ಒಂದು ಕಡೆ ಇಳಿದು ಹತ್ತಲೇಬೇಕು. ಅಂದಮೇಲೆ ಲಿಸ್ಬನ್ನಿನಲ್ಲಿ ಇಳಿದು ಪೋರ್ಟೊದಿಂದ ಹತ್ತುವ ಟಿಕೆಟ್ಟೇ ಸರಿ. ಹೊರಟ ಜಾಗಕ್ಕೇ ವಾಪಸು ಓಡಿ ಬರುವ ದಿನವೊಂದು ಉಳಿಯಿತು. ಈ ಎರಡು ಊರುಗಳ ನಡುವೆ ವೇಗದ ರೈಲಿನಲ್ಲಿ ಮೂರು ಗಂಟೆ, ಕೊಯಿಂಬ್ರಾ ದಾರಿಯಲ್ಲೇ ಸಿಗುತ್ತದೆ. 65 ದಾಟಿದವರು ಪಾಸ್‌ಪೋರ್ಟ್ ತೋರಿಸಿದರೆ ಅಲ್ಲಿನ ರೈಲಿನಲ್ಲಿ ಅರ್ಧ ಟಿಕೆಟ್ಟು. ಯಾವ ದೇಶದವರಾದರೂ ಸರಿ. ನಮ್ಮ ರೈಲ್ವೆಯವರು ಹಿರಿಯರ ರಿಯಾಯಿತಿಯನ್ನು 2020ರ ಮಾರ್ಚಿನಲ್ಲಿ ನಿಲ್ಲಿಸಿದಾಗಿನಿಂದ ಇವರಿಗೆ ಒಳಗೊಳಗೇ ಒಂದು ಸಿಟ್ಟಿತ್ತು. ಪೋರ್ಚುಗಲ್ಲಿನ ಸುದ್ದಿ ಓದಿ "ನೋಡೇ, ಮರ್ಯಾದೆ ಅಂದ್ರೆ ಇದು" ಎಂದು ಆ ದಿನವೆಲ್ಲ ಹುರುಪಿನಲ್ಲಿದ್ದರು.

ಇವರಿಗೆ ಮನಸ್ಸಿದ್ದದ್ದು ಡೋರೊ ನದಿಯ ರೈಲಿನ ಮೇಲೆ. ಪೋರ್ಟೊದಿಂದ ಹೊರಟು ಊರು, ಹೊಲ, ಗುಡ್ಡ ದಾಟಿ, ಒಂದು ಗಂಟೆಗೂ ಮಿಕ್ಕಿ ಕಾಯಿಸಿದ ಮೇಲೆ ಈ ರೈಲು ನದಿಯ ಪಕ್ಕಕ್ಕೆ ಇಳಿಯುತ್ತದೆ. ಅಲ್ಲಿಂದ ಮುಂದೆ ನದಿಯನ್ನು ಬಿಡುವುದಿಲ್ಲ. ಹೋಗುವಾಗ ಬಲಗಡೆ ಕಿಟಕಿ ಹಿಡಿಯಬೇಕು, ಬರುವಾಗ ಎಡಗಡೆ. ಎರಡೂ ದಂಡೆಯಲ್ಲಿ ಗುಡ್ಡದ ಬುಡದಿಂದ ನೆತ್ತಿಯವರೆಗೆ ಕಲ್ಲಿನ ಮೆಟ್ಟಿಲು ಕಡಿದು ದ್ರಾಕ್ಷಿ ಬೆಳೆದಿದ್ದಾರೆ. 1756ರಲ್ಲಿ ಪೊಂಬಾಲ್ ಎಂಬ ಮಂತ್ರಿ, ಪೋರ್ಟ್ ವೈನಿನ ಹೆಸರಲ್ಲಿ ಕಲಬೆರಕೆ ಮಾರುವವರ ಕಾಟ ತಡೆಯಲು, ಯಾವ ಗುಡ್ಡದ ದ್ರಾಕ್ಷಿ ಸಲ್ಲುತ್ತದೆ, ಯಾವುದು ಸಲ್ಲದು ಎಂದು ಎಲ್ಲೆ ಗುರುತು ಮಾಡಿಸಿದ. ನಾವು ವೈನು ಕುಡಿಯುವವರಲ್ಲ. ಗುಡ್ಡ ನೋಡಲು ಕುಡಿಯಲೇಬೇಕೆಂದೇನಿಲ್ಲ. ಪಿನ್ಯಾವ್ ಎಂಬ ಪುಟ್ಟ ನಿಲ್ದಾಣದಲ್ಲಿ ಇಳಿದರೆ ಗೋಡೆ ತುಂಬ ನೀಲಿ ಹೆಂಚಿನ ಚಿತ್ರಗಳು: ಬುಟ್ಟಿ ಹೊತ್ತ ಹೆಂಗಸರು, ಪೀಪಾಯಿ ಹೇರಿದ ದೋಣಿಗಳು. ಇವರು ಬರೆದಿದ್ದ ಪ್ರಕಾರ ಆ ದಿನ ಪಿನ್ಯಾವ್ ಮುಗಿಸಿ, ಮಧ್ಯಾಹ್ನ ವಾಪಸು ಬಂದು, ಸಂಜೆ ಪೋರ್ಟೊದಲ್ಲಿ ಮೂರು ಚರ್ಚು, ಒಂದು ಗೋಪುರ. ನಾನು ಸಂಜೆಯ ಸಾಲನ್ನು ಪೂರ್ತಿ ಅಳಿಸಿದೆ. ನದಿ ನೋಡಿ ಬಂದ ಕಣ್ಣಿಗೆ ಅದೇ ದಿನ ಚರ್ಚು ತೋರಿಸಿದರೆ ಎರಡೂ ನೆನಪಿನಲ್ಲಿ ಉಳಿಯುವುದಿಲ್ಲ.

ಕೊಯಿಂಬ್ರಾದ ಬಗ್ಗೆ ಜಗಳವಾಗಲಿಲ್ಲ, ಬಾವಲಿಗಳಿಂದಾಗಿ. ಅಲ್ಲಿನ ವಿಶ್ವವಿದ್ಯಾಲಯ 1290ರಲ್ಲಿ ಲಿಸ್ಬನ್ನಿನಲ್ಲಿ ಹುಟ್ಟಿ, ಅಲ್ಲಿಗೂ ಇಲ್ಲಿಗೂ ಓಡಾಡಿ, 1537ರಲ್ಲಿ ಕೊಯಿಂಬ್ರಾದಲ್ಲೇ ನೆಲೆಯೂರಿತು. ಅದರ ಹದಿನೆಂಟನೇ ಶತಮಾನದ ಗ್ರಂಥಾಲಯದಲ್ಲಿ ಬಾವಲಿಗಳು ವಾಸವಾಗಿವೆ. ಪುಸ್ತಕ ತಿನ್ನುವ ಹುಳುಗಳನ್ನು ರಾತ್ರಿ ಹಿಡಿದು ತಿನ್ನುವುದು ಅವುಗಳ ಉದ್ಯೋಗ. ಸಂಜೆ ಬಾಗಿಲು ಹಾಕುವ ಮುಂಚೆ ಸಿಬ್ಬಂದಿ ಮೇಜುಗಳಿಗೆ ಚರ್ಮದ ಹೊದಿಕೆ ಹೊದಿಸಿ ಹೋಗುತ್ತಾರೆ, ಬೆಳಿಗ್ಗೆ ಬಂದು ಹಿಕ್ಕೆ ಗುಡಿಸುತ್ತಾರೆ. ಮೂವತ್ತೈದು ವರ್ಷ ಮೇಷ್ಟರಾಗಿ ಗೆದ್ದಲು ಹಿಡಿದ ಲೈಬ್ರರಿ ಕಂಡವಳು ನಾನು. ಹಗಲಲ್ಲಿ ಬಾವಲಿ ಕಾಣುವುದಿಲ್ಲ ಎಂದು ಗೊತ್ತಿದ್ದೂ ಆ ಮೇಜನ್ನಾದರೂ ನೋಡಬೇಕು.

ಎವೊರಾ ಉಳಿದದ್ದು ರೋಮನ್ನರ ದೇವಾಲಯದಿಂದಲ್ಲ, ಎಲುಬುಗಳನ್ನೇ ಗೋಡೆಗೆ ಜೋಡಿಸಿದ ಪ್ರಾರ್ಥನಾ ಮಂದಿರದಿಂದಲೂ ಅಲ್ಲ (ಅದನ್ನು ನಾನು ಹೊರಗೆ ಕೂತೇ ನೋಡುವವಳು). ದಾರಿಯ ಕಾರ್ಕ್ ಮರಗಳಿಂದ. ಬಾಟಲಿಯ ಬಿರಡೆ ಈ ಓಕ್ ಮರದ ತೊಗಟೆ. ಸುಲಿದ ಕಾಂಡ ಕೆಂಪಗೆ, ಮೇಲಿನ ಕೊಂಬೆ ಬೂದು ಬಣ್ಣ. ಕೆಂಪು ಕಾಂಡದ ಮೇಲೆ ಬಿಳಿ ಬಣ್ಣದಲ್ಲಿ ಒಂದು ಅಂಕಿ ಬರೆದಿರುತ್ತಾರೆ: 4 ಎಂದಿದ್ದರೆ 2024ರಲ್ಲಿ ಸುಲಿದದ್ದು, ಇನ್ನು 2033ರವರೆಗೆ ಮುಟ್ಟುವಂತಿಲ್ಲ. ಸುಲಿಗೆಯಿಂದ ಸುಲಿಗೆಗೆ ಒಂಬತ್ತು ವರ್ಷ. ಗಿಡ ನೆಟ್ಟವನು ಮೊದಲ ತೊಗಟೆಗೆ ಇಪ್ಪತ್ತೈದು ವರ್ಷದಷ್ಟು ಕಾಯಬೇಕು, ಅದೂ ಬಿರಡೆಗೆ ಬರುವಂಥದ್ದಲ್ಲ.

ಲಿಸ್ಬನ್ನಿನ ಪಕ್ಕದ ಬೆಲೆಂನಲ್ಲಿ ವಾಸ್ಕೋ ಡ ಗಾಮನ ಸಮಾಧಿಯಿದೆ, ಸೋಮವಾರ ಬಾಗಿಲು ಮುಚ್ಚಿರುತ್ತದೆ. 1498ರಲ್ಲಿ ಈ ಮಹಾರಾಯ ಆಫ್ರಿಕಾದ ಮಲಿಂದಿಯಿಂದ ಅನುಕೂಲದ ಗಾಳಿ ಹಿಡಿದು 23 ದಿನದಲ್ಲಿ ನಮ್ಮ ಕಡೆಯ ಕಡಲು ಸೇರಿದ. ವಾಪಸು ಹೋಗುವಾಗ ನಮ್ಮ ಕಾರವಾರದೆದುರಿನ ಅಂಜುದೀವ್‌ನಲ್ಲಿ ಹಡಗುಗಳನ್ನು ದುರಸ್ತಿ ಮಾಡಿಕೊಂಡು, ಗಾಳಿ ತಿರುಗುವವರೆಗೆ ಕಾಯದೆ ಅಕ್ಟೋಬರಿನ ಮೊದಲ ವಾರದಲ್ಲೇ ಹೊರಟುಬಿಟ್ಟ. ಅದೇ ಕಡಲು ದಾಟಲು ಮೂರು ತಿಂಗಳು ಹಿಡಿಯಿತು. ಹಲವರು ದಾರಿಯಲ್ಲೇ ಸತ್ತರು. ಕೊನೆಗೆ ನಡೆಸಲು ಆಳು ಸಾಲದೆ ಒಂದು ಹಡಗನ್ನು ತಾವೇ ಸುಟ್ಟರು. ಇದನ್ನು ನಾನು ಭಾವನಿಗೆ ಹೇಳಿದೆ. "ಅವನಿಗೆ ಟೂರ್ ಮ್ಯಾನೇಜರ್ ಇರ್ಲಿಲ್ಲ" ಅಂದರು.

ಊಟದ ಚಿಂತೆ ನಮ್ಮಂಥ ಸಸ್ಯಾಹಾರಿಗಳಿಗೆ ಇದ್ದೇ ಇದೆ. ಸೊಪ್ಪು, ಆಲೂಗಡ್ಡೆಯ ಸಾರಿನಲ್ಲೂ ಒಂದು ತುಂಡು ಹಂದಿಮಾಂಸದ ಸಾಸೇಜು ತೇಲುವ ದೇಶವದು. ಆದರೆ ಬ್ರೆಡ್ಡು, ಚೀಸು, ಹಣ್ಣು, ಮೊಟ್ಟೆ ತಿನ್ನುವವರಾದರೆ ಮೊಟ್ಟೆಯ ಹಳದಿಯ ಆ ಪುಟ್ಟ ಕಡುಬುಗಳು, ಇಷ್ಟರಲ್ಲಿ ದಿನ ದೂಡಬಹುದು. ಲಿಸ್ಬನ್ನಿನ ಮಾರ್ತಿಂ ಮೊನಿಜ್ ಸುತ್ತಮುತ್ತ ಬೇಳೆ, ಮಸಾಲೆ ಮಾರುವ ನಮ್ಮ ಕಡೆಯ ಅಂಗಡಿಗಳಿವೆ. ಹೋಟೆಲಿನಲ್ಲಿ ಕೇಳದೆಯೇ ತಂದಿಡುವ ಬ್ರೆಡ್ಡು, ಆಲಿವ್‌ಕಾಯಿ ಪುಕ್ಕಟೆಯಲ್ಲ, ಮುಟ್ಟದಿದ್ದರೆ ದುಡ್ಡಿಲ್ಲ. ಇದನ್ನು ಇವರು ಹಾಳೆಯ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದು ಎರಡು ಗೆರೆ ಎಳೆದಿದ್ದಾರೆ.

ಹೀಗೆ ಲಿಸ್ಬನ್, ಎವೊರಾ, ಕೊಯಿಂಬ್ರಾ, ಪೋರ್ಟೊ ಉಳಿದವು. ನಜರೆ ತಾನಾಗಿ ಬಿತ್ತು, ಅದಕ್ಕೆ ಹೆಸರು ತಂದ ದೈತ್ಯ ಅಲೆಗಳು ಏಳುವುದು ಚಳಿಗಾಲದಲ್ಲಿ. ದಕ್ಷಿಣದ ಕಡಲತೀರವನ್ನು 'ನಮಗೆ ಮರವಂತೆ ಇದೆ' ಎಂದು ಬಿಟ್ಟೆವು. ಸಿಂತ್ರಾ ಬಿಡುವಾಗ ಮಾತ್ರ ಇಬ್ಬರಿಗೂ ಹೊಟ್ಟೆ ಚುರುಕ್ ಅಂದಿತು. ಆ ಬಣ್ಣಬಣ್ಣದ ಅರಮನೆ, ಆ ಮಂಜು... ಲಿಸ್ಬನ್ನಿನಿಂದ ನಲವತ್ತೇ ನಿಮಿಷ! ಆದರೆ ಬೆಟ್ಟದ ಮೇಲಿನ ಸಾಲು, ಗಂಟೆ ಗೊತ್ತುಮಾಡಿದ ಟಿಕೆಟ್ಟು ಎಲ್ಲ ಓದಿದ ಮೇಲೆ ಅದನ್ನೂ ಅಳಿಸಿದೆ. ಪೆನ್ಸಿಲ್ಲಿನ ಗುರುತು ಇನ್ನೂ ಮಸುಕಾಗಿ ಕಾಣುತ್ತದೆ. ಇವರು ಅದನ್ನು ಆಗಾಗ ಕನ್ನಡಕ ಹಾಕಿಕೊಂಡು ನೋಡುತ್ತಿರುತ್ತಾರೆ.

ಅಳಿಸುವುದರಲ್ಲಿ ನಾನು ಗೆದ್ದೆ ಅಂದುಕೊಂಡಾಗ ವೀಸಾ ಅರ್ಜಿಯ ಸರದಿ ಬಂತು. ಯುರೋಪಿನ ಹಲವು ದೇಶಗಳಿಗೆ ಒಂದೇ ಆದ ಷೆಂಗೆನ್ ವೀಸಾಕ್ಕೆ ಪ್ರತಿ ರಾತ್ರಿ ಎಲ್ಲಿ ಮಲಗುತ್ತೀರಿ ಎಂಬುದಕ್ಕೆ ಬುಕಿಂಗ್ ಕಾಗದ, 30,000 ಯೂರೋಗೆ ಕಡಿಮೆಯಿಲ್ಲದ ವಿಮೆ, ಜೊತೆಗೆ ದಿನವಾರು ಕಾರ್ಯಕ್ರಮ. ಕಡತ ಜೋಡಿಸಿಕೊಡುವ ಹುಡುಗಿ ನಮ್ಮ ಪಟ್ಟಿಯ ಮೇಲೆ ಬೆರಳಿಟ್ಟು, "ಆಂಟಿ, ಪೋರ್ಟೊದಲ್ಲಿ ಎರಡು ದಿನ ಏನೂ ಇಲ್ವಲ್ಲ? ಖಾಲಿ ಬಿಡೋ ಹಾಗಿಲ್ಲ" ಅಂದಳು. ಏನೂ ಮಾಡದಿರುವುದೇ ನಮ್ಮ ಕಾರ್ಯಕ್ರಮ ಅಂದರೆ ಯಾವ ಅಧಿಕಾರಿ ಒಪ್ಪುತ್ತಾನೆ? ಒಂದು ದಿನಕ್ಕೆ 'ನದಿತೀರದಲ್ಲಿ ನಡಿಗೆ' ಎಂದು ಬರೆಸಿದೆ. ಇನ್ನೊಂದಕ್ಕೆ ಇವರು ತಡವರಿಸದೆ, "ಜೂನ್ 23, ಸಾವೊ ಜೊವಾವೊ ಹಬ್ಬ ಅಂತ ಹಾಕಮ್ಮ" ಅಂದರು.

ನನಗೆ ಗೊತ್ತಿಲ್ಲದೆ ಇಡೀ ಪ್ರವಾಸದ ತಾರೀಖನ್ನು ಅದಕ್ಕೇ ಹೊಂದಿಸಿದ್ದರು! ಆ ರಾತ್ರಿ ಪೋರ್ಟೊದ ಜನ ಬೀದಿಗಿಳಿದು, ಗುರುತು ಪರಿಚಯವಿಲ್ಲದವರ ತಲೆಗೂ ಪೀಂ ಎನ್ನುವ ಪ್ಲಾಸ್ಟಿಕ್ ಸುತ್ತಿಗೆಯಲ್ಲಿ ಕುಟ್ಟುತ್ತಾರೆ. ಹಿಂದೆ ಬೆಳ್ಳುಳ್ಳಿ ಹೂವಿನ ಉದ್ದನೆ ಕಾಂಡದಲ್ಲಿ ಹೊಡೆಯುತ್ತಿದ್ದರಂತೆ, ಈಗಲೂ ಕೆಲವರ ಕೈಯಲ್ಲಿ ಅದು ಇರುತ್ತದೆ. ಮಧ್ಯರಾತ್ರಿ ನದಿಯ ಮೇಲೆ ಪಟಾಕಿ, ಬೆಳಗಿನವರೆಗೂ ಗದ್ದಲ.

"ರೀ, ನಿಧಾನದ ಪ್ರವಾಸ ಅಂತಲ್ವಾ ನಾವು ಅಂದುಕೊಂಡಿದ್ದು? ಈ ವಯಸ್ಸಲ್ಲಿ ರಾತ್ರಿಯೆಲ್ಲ ತಲೆಗೆ ಹೊಡೆಸ್ಕೊಳ್ಳೋದಾ?"

"ಹೊಡೆಸ್ಕೊಳ್ಳೋದಲ್ವೇ, ಹೊಡೆಯೋದು" ಅಂದರು. ಗಾಂಧಿ ಬಜಾರಿನಲ್ಲಿ ಅಂಥ ಸುತ್ತಿಗೆ ಎಷ್ಟಕ್ಕೆ ಸಿಗುತ್ತದೆ ಎಂದು ಈಗಾಗಲೇ ವಿಚಾರಿಸಿ ಬಂದಿದ್ದಾರೆ. ಒಂದು ಭಾವನಿಗೂ ತೆಗೆದಿಡುತ್ತಾರಂತೆ.