ಸಾವಿರ ಕೋಟಿಯ ಬೀದಿದೀಪ

ಬೆಲ್ಜಿಯಂನ ಕಲಾವಿದ ರೆನೆ ಮಾಗ್ರಿಟ್ ಬರೆದ ಚಿತ್ರ 2024ರ ನವೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ 12 ಕೋಟಿ ಡಾಲರಿಗೂ ಜಾಸ್ತಿಗೆ ಹರಾಜಾಯಿತಲ್ಲ, ನಮ್ಮ ಲೆಕ್ಕದಲ್ಲಿ ಸಾವಿರ ಕೋಟಿ ರೂಪಾಯಿ ದಾಟಿತು. ಮರುದಿನವೇ ಅದೇ ಊರಲ್ಲಿ ಟೇಪಿನಿಂದ ಗೋಡೆಗೆ ಅಂಟಿಸಿದ ಬಾಳೆಹಣ್ಣೂ ಕಲಾಕೃತಿ ಅಂತ ಹರಾಜಾಯಿತು. ಎಲ್ಲರೂ ನಕ್ಕಿದ್ದು ಬಾಳೆಹಣ್ಣಿಗೆ. ಪಾಪ, ಅದನ್ನು ಕೊಂಡವನು ತಿಂದಾದರೂ ಮುಗಿಸಿದ. ಮಾಗ್ರಿಟ್‌ನ ಚಿತ್ರದ ಅರ್ಥ ಮಾತ್ರ ಎಷ್ಟು ತಿಂದರೂ ಮುಗಿಯುತ್ತಿಲ್ಲ.

1954ರ ಚಿತ್ರ, ಹೆಸರು ‘ಬೆಳಕಿನ ಸಾಮ್ರಾಜ್ಯ’. ಮೇಲೆ ನೀಲಿ ಆಕಾಶ, ಬಿಳಿ ಮೋಡ, ಹಾಡಹಗಲು. ಕೆಳಗೆ ರಾತ್ರಿ. ಕಪ್ಪಗೆ ನಿಂತ ಮರ, ಒಂದು ಮನೆ, ಕಿಟಕಿಯಲ್ಲಿ ಬೆಳಕು, ಒಂದು ಬೀದಿದೀಪ, ಮುಂದೆ ನೀರು. ಅಷ್ಟೇ ಇರೋದು. ಆದರೆ ಪಂಡಿತರು ಅಷ್ಟಕ್ಕೆ ಬಿಡುತ್ತಾರಾ? ಆಕಾಶ ಎಂದರೆ ಎಚ್ಚರದ ಮನಸ್ಸಂತೆ. ಮನೆ ಎಂದರೆ ಒಳಮನಸ್ಸಂತೆ. ಮರ ಮರವಲ್ಲ, ನಾಗರಿಕತೆಗೆ ಪ್ರಕೃತಿ ಕೊಟ್ಟ ಎಚ್ಚರಿಕೆ. ಆಹಾ, ಎಂಥ ಕಣ್ಣು ಇವರದ್ದು! ಶಾಲೆಯಲ್ಲಿ ‘ಸಂದರ್ಭ ಸಹಿತ ಸ್ವಾರಸ್ಯ ವಿವರಿಸಿ’ ಅಂತ 3 ಅಂಕಕ್ಕೆ ನಾವು ಬುರುಡೆ ಬಿಟ್ಟಂತೆಯೇ. ನಮಗಾದರೂ ಮೇಷ್ಟ್ರು ಒಂದೂವರೆ ಕೊಟ್ಟು ಸುಮ್ಮನಾಗುತ್ತಿದ್ದರು.

ಮಾಗ್ರಿಟ್ ಏನಂದಿದ್ದ? ನನ್ನ ಚಿತ್ರಗಳಿಗೆ ಅರ್ಥ ಇಲ್ಲ, ಸಂಕೇತ ಹುಡುಕಬೇಡಿ ಅಂತ ಮತ್ತೆ ಮತ್ತೆ ಹೇಳಿದ್ದ. ಹಗಲು, ರಾತ್ರಿ ಒಟ್ಟಿಗೆ ಬಂದರೆ ಅಚ್ಚರಿಯಾಗುತ್ತದೆ, ಖುಷಿಯಾಗುತ್ತದೆ, ಅದೇ ಕಾವ್ಯ ಅಂದಿದ್ದ. ಇದನ್ನೇ 17 ಸಲ ಎಣ್ಣೆಬಣ್ಣದಲ್ಲಿ ಬರೆದ. ವೆನಿಸ್‌ನಲ್ಲಿ ಪ್ರದರ್ಶನಕ್ಕಿಟ್ಟಿದ್ದ ಒಂದನ್ನು ಅಮೆರಿಕದ ಕಲಾಸಂಗ್ರಾಹಕಿ ಪೆಗ್ಗಿ ಗುಗೆನ್‌ಹೈಮ್ ಕೊಂಡುಬಿಟ್ಟಾಗ, ಅದರ ಮೇಲೆ ಕಣ್ಣಿಟ್ಟಿದ್ದ ಉಳಿದ ಗಿರಾಕಿಗಳಿಗೆ ಬೇರೆ ಬರೆದುಕೊಟ್ಟ. ಒಳಮನಸ್ಸು ಆರ್ಡರ್ ಪ್ರಕಾರ ಕೆಲಸ ಮಾಡುತ್ತದೆ ಅಂತಾಯಿತು.

ಆಸಾಮಿ ಮಜವಾಗಿದ್ದ. ಬ್ರಸೆಲ್ಸ್ ಹತ್ತಿರದ ಜೆಟ್‌ನಲ್ಲಿ ಬಾಡಿಗೆ ಮನೆ. ಊಟದ ಕೋಣೆಯಲ್ಲೇ, ಕೋಟು ಟೈ ಕಟ್ಟಿಕೊಂಡು ಚಿತ್ರ ಬರೆಯುತ್ತಿದ್ದ. ಕಾಲಡಿಯಲ್ಲಿ ಪೊಮೆರೇನಿಯನ್ ನಾಯಿ. ಚಿತ್ರಗಳಿಗೆ ಹೆಸರಿಡುವ ಕೆಲಸ ಎಷ್ಟೋ ಸಲ ಗೆಳೆಯರದ್ದು. ಟೋಪಿ ಹಾಕಿದ ಗಂಡಸರು ಮಳೆಹನಿಗಳ ಹಾಗೆ ಆಕಾಶದ ತುಂಬಾ ನಿಂತ ಚಿತ್ರ ಇದೆಯಲ್ಲ, ಅದಕ್ಕೆ ‘ಗೋಲ್ಕೊಂಡ’ ಅಂತ ಹೆಸರು ಕೊಟ್ಟದ್ದು ಕವಿಮಿತ್ರ ಸ್ಕುಟನೇರ್. ನಮ್ಮ ಪಕ್ಕದ ಹೈದರಾಬಾದಿನ ಗೋಲ್ಕೊಂಡವೇ! ಚಿತ್ರದಲ್ಲಿ ಕೋಟೆಯೂ ಇಲ್ಲ, ವಜ್ರವೂ ಇಲ್ಲ. ಬೆಲ್ಜಿಯಂನ ಸಾಲುಮನೆಗಳಿವೆ. ಈ ಹೆಸರಿನ ಗೂಢಾರ್ಥಕ್ಕೂ ಪುಟಗಟ್ಟಲೆ ಬರೆಯುವವರಿದ್ದಾರೆ.

ಇದಕ್ಕೆಲ್ಲ ನಗಬಹುದು. ಆದರೆ ಬೀದಿದೀಪದ ಮುಂದಿನ ಆ ನೀರಿನ ಹತ್ತಿರ ಬಂದರೆ ನಗು ಬರುವುದಿಲ್ಲ. 1912ರಲ್ಲಿ ಮಾಗ್ರಿಟ್‌ನ ತಾಯಿ ಸಾಂಬರ್ ನದಿಗೆ ಬಿದ್ದು ಸತ್ತಳು. ಅವನಿಗೆ ಆಗ 13 ವರ್ಷ. ಹೆಣ ಸಿಕ್ಕಾಗ ಮುಖಕ್ಕೆ ಬಟ್ಟೆ ಸುತ್ತಿತ್ತಂತೆ. ಪಂಡಿತರಿಗೆ ಅಷ್ಟು ಸಾಕು, ಅವನು ನೀರು ಬರೆದರೆ ಅಮ್ಮ, ಮುಖಕ್ಕೆ ಬಟ್ಟೆ ಬರೆದರೆ ಅಮ್ಮ. ಸಾಕು ಮಾರಾಯ್ರೇ. ಒಬ್ಬ ಹುಡುಗನ ದುಃಖ ನಿಮ್ಮ ಪ್ರಬಂಧಕ್ಕೆ ಒಗ್ಗರಣೆಯಾ? ಮನಸ್ಸು ಬಗೆಯುವ ಈ ವ್ಯಾಖ್ಯಾನಗಳು ಬದುಕಿದ್ದಾಗಲೇ ಅವನಿಗೆ ಆಗಿಬರುತ್ತಿರಲಿಲ್ಲ. 1967ರಲ್ಲಿ ಅವನೂ ಹೋದ. ಇನ್ನು ಬೇಡ ಅನ್ನೋರು ಯಾರೂ ಇಲ್ಲವಲ್ಲ, ಬಾಯಿಗೆ ಬಂದದ್ದು ಹೇಳುತ್ತಲೇ ಇದ್ದಾರೆ.