ಕಿಟಕಿಯೇ ಇಲ್ಲದ ಕಿಟಕಿ ಸೀಟಿಗೆ ಜಾಸ್ತಿ ದುಡ್ಡು ಯಾಕೆ?

ಕಿಟಕಿ ಪಕ್ಕದ ಸೀಟು ಅಂತ ಜಾಸ್ತಿ ದುಡ್ಡು ಕಿತ್ತುಕೊಂಡು, ವಿಮಾನ ಹತ್ತಿ ಹೋಗಿ ಕೂತರೆ ಅಲ್ಲಿ ಕಿಟಕಿಯೇ ಇಲ್ಲ. ಇದಕ್ಕೆ ಹಗಲು ದರೋಡೆ ಅನ್ನದೆ ಇನ್ನೇನು ಅನ್ನಬೇಕು?

ದೆಹಲಿಯಿಂದ ಕಠ್ಮಂಡುಗೆ ಹೋಗುವಾಗ ಹಿಮಾಲಯ ಇರುವುದು ಎಡಗಡೆ, ಅಂದರೆ ಎ ಸೀಟಿನ ಕಡೆ. ವಾಪಸ್ ಬರುವಾಗ ಬಲಗಡೆ, ಎಫ್. ಇದನ್ನೆಲ್ಲ ಮೊದಲೇ ನೋಡಿಕೊಂಡಿದ್ದೆ. ಚಳಿಗಾಲದ ಬೆಳಗಿನ ವಿಮಾನ, ಬಿಸಿಲು ಬಲಗಡೆಯಿಂದ ಬರುತ್ತದೆ, ಎಡಗಡೆ ಕಣ್ಣಿಗೆ ಹೊಡೆಯುವುದಿಲ್ಲ. ರೆಕ್ಕೆಯ ಮೇಲೆ ಕೂತರೆ ಕೆಳಗಿನದು ಏನೂ ಕಾಣುವುದಿಲ್ಲ, ಸ್ವಲ್ಪ ಹಿಂದೆ ಹೋದರೆ ಎಂಜಿನ್ನಿನ ಬಿಸಿ ಗಾಳಿಗೆ ನೋಟವೆಲ್ಲ ಕದಡಿದ ಹಾಗೆ ಆಗುತ್ತದೆ, ಹಾಗಾಗಿ ರೆಕ್ಕೆಗಿಂತ ಮುಂದಿನ ಸಾಲೇ ಬೇಕು ಅಂತ ಹುಡುಕಿ, ಹೆಚ್ಚಿನ ಹಣ ಕಟ್ಟಿ ಆ ಸೀಟು ತೆಗೆದುಕೊಂಡೆ.

ಹೋಗಿ ನೋಡಿದರೆ ಪಕ್ಕದಲ್ಲಿ ಬರೀ ಗೋಡೆ! ಬಿಳಿ ಪ್ಲಾಸ್ಟಿಕ್ ಹಲಗೆ, ಮಧ್ಯೆ ಒಂದು ಜೋಡಣೆಯ ಗೆರೆ, ಅಷ್ಟೇ. ಕುತ್ತಿಗೆ ಮುಂದಕ್ಕೆ ಚಾಚಿದರೆ ಮುಂದಿನ ಸೀಟಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಎರಡು ಬೆರಳಗಲ ಆಕಾಶ ಕಾಣುತ್ತಿತ್ತು. ಸ್ವಲ್ಪ ಹೊತ್ತಿಗೆ ಮುಂದಿನವರು ನಿದ್ದೆಗೆ ಅಂತ ಪರದೆ ಎಳೆದರು, ಅದೂ ಹೋಯಿತು. ಹಿಂದಿನ ಸಾಲಿನ ಮಗುವೊಂದು "ಅಮ್ಮಾ, ಮಂಜು! ಮಂಜು!" ಅಂತ ಕೂಗುತ್ತಿತ್ತು. ನಾನು ಗೋಡೆ ನೋಡಿಕೊಂಡು ಕೂತಿದ್ದೆ. ಹೊಟ್ಟೆ ಉರಿಯದೆ ಇರುತ್ತದಾ?

ಇದು ಏರ್‌ಲೈನ್‌ನವರಿಗೆ ಗೊತ್ತಿಲ್ಲದ ವಿಷಯವೂ ಅಲ್ಲ. ಬೋಯಿಂಗ್ 737ರಲ್ಲಿ ಎಸಿ ಗಾಳಿಯನ್ನು ವಿಮಾನದ ಹೊಟ್ಟೆಯಿಂದ ಮೇಲಕ್ಕೆ ಒಯ್ಯುವ ಕೊಳವೆಗಳು ಗೋಡೆಯ ಒಳಗೇ ಹೋಗುತ್ತವೆ, ಆ ಜಾಗದಲ್ಲಿ ಕಿಟಕಿ ಇಡಲು ಆಗುವುದಿಲ್ಲ. ಸರಿ, ಅದು ತಯಾರಿಕೆಯ ಮಾತು, ಒಪ್ಪಿಕೊಳ್ಳೋಣ. ಇನ್ನು ಉಳಿದ ಕಡೆ ಕಿಟಕಿಗಳ ಅಂತರ ವಿಮಾನ ಕಟ್ಟುವಾಗಲೇ ನಿಗದಿಯಾಗಿರುತ್ತದೆ, ಆದರೆ ಸೀಟು ಕೂರುವುದು ಕಂಬಿಯ ಮೇಲೆ, ಅದನ್ನು ಹಿಂದೆ ಮುಂದೆ ಸರಿಸುವುದು ಏರ್‌ಲೈನ್‌ನವರೇ. ಇನ್ನೊಂದು ಸಾಲು ತುರುಕಲು ಸೀಟುಗಳನ್ನು ಒತ್ತಿ ಒತ್ತಿ ಇಟ್ಟು, ಒಬ್ಬರ ಭುಜದ ಹಿಂದೆ ಕಿಟಕಿ, ಇನ್ನೊಬ್ಬರ ಮೊಣಕಾಲಿನ ಹತ್ತಿರ ಕಿಟಕಿ ಅನ್ನುವ ಸ್ಥಿತಿ ತಂದವರು ಇವರೇ ಅಲ್ವಾ? ಯಾವ ಸಾಲಿನಲ್ಲಿ ಕಿಟಕಿ ಇಲ್ಲ ಅಂತ ಇವರಿಗೆ ಸೀಟು ಸೀಟಿನ ಲೆಕ್ಕ ಗೊತ್ತು. ಕೆಲವು ಕಂಪನಿಗಳು ಬುಕ್ ಮಾಡುವಾಗಲೇ ಅದನ್ನು ತೋರಿಸುತ್ತವೆ. ಹಾಗಾದರೆ ಉಳಿದವರಿಗೆ ಏನು ದಾಡಿ?

2025ರಲ್ಲಿ ಅಮೆರಿಕದಲ್ಲಿ ಪ್ರಯಾಣಿಕರು ಇದೇ ವಿಷಯಕ್ಕೆ ಕೋರ್ಟ್ ಮೆಟ್ಟಿಲು ಹತ್ತಿದರು. ಅದನ್ನು ಓದಿದಾಗ ಸುಮ್ನೆ ಕೂರಬಾರದು ಅನ್ನಿಸಿತು. ದೂರು ಕಳಿಸಿದೆ. ಬಂದ ಉತ್ತರ: ನಾವು ಕೊಡುವುದು ಸೀಟಿನ ಜಾಗ ಮಾತ್ರ, ಹೊರಗಿನ ನೋಟಕ್ಕೆ ಗ್ಯಾರಂಟಿ ಇಲ್ಲ. ನಾನೇನು ಮೋಡ ಸರಿಸಿ ಶಿಖರ ತೋರಿಸಿ ಅಂತ ಕೇಳಿದ್ದೆನಾ? ಮೋಡ ಬಂದರೆ ಯಾರ ಮೇಲೂ ಕೋಪ ಇಲ್ಲ. ಗೋಡೆಯನ್ನು ಕಿಟಕಿ ಅಂತ ಮಾರಿದ್ದಕ್ಕೆ ಕೋಪ. ವಿಮಾನದಲ್ಲಿ ಸಿಬ್ಬಂದಿಯನ್ನು ಕೇಳಿದಾಗಲೂ "ಎಲ್ಲ ಸೀಟು ಭರ್ತಿ ಸರ್" ಅಂತ ಹೇಳಿ ಮುಂದೆ ಹೋದರು, ಪಾಪ ಅವರ ಕೈಯಲ್ಲೂ ಏನೂ ಇಲ್ಲ.

ಕೆಲವರು ಇದೇನು ದೊಡ್ಡ ವಿಷಯ, ಫೋನ್ ನೋಡಿಕೊಂಡು ಕೂತರಾಯಿತು ಅನ್ನುತ್ತಾರೆ. ನಿಮಗೆ ಬೇಡದಿದ್ದರೆ ಬಿಡಿ. ಭೂಮಿಯನ್ನು ಅಷ್ಟು ಎತ್ತರದಿಂದ ನೋಡುವ ಆಸೆಗೇ ನಾನು ಆ ಹಣ ಕೊಟ್ಟಿದ್ದು, ಆ ಆಸೆ ಇದೆ ಅಂತ ಗೊತ್ತಿದ್ದೇ ಅವರು ಬೆಲೆ ಇಟ್ಟಿದ್ದು. ಸೀಟ್ ಮ್ಯಾಪಿನಲ್ಲಿ ಆ ಸಾಲಿನ ಪಕ್ಕ "ಇಲ್ಲಿ ಕಿಟಕಿ ಇಲ್ಲ" ಅಂತ ಮೂರು ಪದ ಹಾಕಿ, ಹೆಚ್ಚುವರಿ ಹಣ ಕೇಳುವುದನ್ನು ಬಿಡಿ. ಈಗಾಗಲೇ ತೆಗೆದುಕೊಂಡಿದ್ದನ್ನು ವಾಪಸ್ ಕೊಡಿ. ಕೊಡುವವರೆಗೂ ನಾನು ದೂರು ಬರೆಯುತ್ತಲೇ ಇರುತ್ತೇನೆ.