ಎರಡರಷ್ಟು ವೇಗದ ಮೇಷ್ಟ್ರು

ನನ್ನ ತಂಗಿಯ ಮಗಳು ಲೀನಿಯರ್ ಆಲ್ಜೀಬ್ರಾ ಪರೀಕ್ಷೆಗೆ ಓದುತ್ತಿದ್ದಳು. ಓದುತ್ತಿದ್ದಳು ಎಂದರೆ, ಯೂಟ್ಯೂಬಿನಲ್ಲಿ ಅಮೆರಿಕದ ಗಣಿತಜ್ಞ ಗಿಲ್ಬರ್ಟ್ ಸ್ಟ್ರ್ಯಾಂಗ್ ಅವರ ಪಾಠವನ್ನು ಎರಡರಷ್ಟು ವೇಗಕ್ಕೆ ಇಟ್ಟು, ಆ ಹಿರಿಯರನ್ನು ಕರಿಹಲಗೆಯ ಈ ತುದಿಯಿಂದ ಆ ತುದಿಗೆ ಓಡಾಡಿಸುತ್ತಿದ್ದಳು. "ಅವರಿಗೆ ಉಸಿರಾಡುವುದಕ್ಕಾದರೂ ಬಿಡಮ್ಮ" ಎಂದೆ. "ಅವರು ನಡುನಡುವೆ ಸುಮ್ಮನೆ ನಿಂತುಬಿಡುತ್ತಾರೆ ಮಾವ, ಅಷ್ಟು ಹೊತ್ತು ಯಾರು ಕಾಯುತ್ತಾರೆ?" ಎಂದವಳೇ ಇಯರ್‌ಫೋನ್ ಸಿಕ್ಕಿಸಿಕೊಂಡಳು.

ಅವರು ನಿಲ್ಲುವುದು ಯೋಚಿಸುವುದಕ್ಕೆ, ಗಣಿತಜ್ಞನೊಬ್ಬ ಯೋಚಿಸುವುದನ್ನು ಕಣ್ಣಾರೆ ನೋಡುವ ಅವಕಾಶ ಸಿಗುವುದು ಆ ಹೊತ್ತಿನಲ್ಲೇ ಎಂಬ ಉತ್ತರ ನನಗೆ ಹೊಳೆಯುವಷ್ಟರಲ್ಲಿ ಅವಳು ಮುಂದಿನ ಪಾಠಕ್ಕೆ ಹೋಗಿಯಾಗಿತ್ತು. ಎಂಐಟಿ ವಿಶ್ವವಿದ್ಯಾಲಯದಲ್ಲಿ ಆ ಪಾಠಗಳ ಚಿತ್ರೀಕರಣ ನಡೆದದ್ದು 1999ರಲ್ಲಿ. ಯೂಟ್ಯೂಬ್ ಹುಟ್ಟಿದ್ದು 2005ರಲ್ಲಿ. 1934ರಲ್ಲಿ ಹುಟ್ಟಿದ ಸ್ಟ್ರ್ಯಾಂಗ್ ಇನ್‌ಫ್ಲುಯೆನ್ಸರ್ ಆಗಲು ಹೊರಟವರಲ್ಲ. ಎದುರಿಗೆ ಕುಳಿತವರಿಗೆ ಪಾಠ ಹೇಳುತ್ತ ಹೋದರು, 88ರ ವಯಸ್ಸಿನಲ್ಲಿ, 2023ರ ಮೇ ತಿಂಗಳಲ್ಲಿ, ಕೊನೆಯ ತರಗತಿ ಮುಗಿಸಿದರು. ಅಷ್ಟರಲ್ಲಿ ಅವರನ್ನು ಎಂದೂ ಮುಖತಃ ಕಾಣದ ಲೆಕ್ಕವಿಲ್ಲದಷ್ಟು ವಿದ್ಯಾರ್ಥಿಗಳು ಅವರನ್ನು ತಮ್ಮ ಗುರುವೆಂದು ಒಪ್ಪಿಕೊಂಡಿದ್ದರು.

ಅದೇ 1999ರಲ್ಲಿ ಅದೇ ಸಂಸ್ಥೆಯಲ್ಲಿ ಭೌತಶಾಸ್ತ್ರದ ಪಾಠ ಹೇಳುತ್ತ ಚಿತ್ರಿತರಾದ ಇನ್ನೊಬ್ಬರು ವಾಲ್ಟರ್ ಲೆವಿನ್. ಲೋಲಕದ ತೂಕ ಹೆಚ್ಚಾದರೂ ಅದರ ತೂಗಾಟದ ಅವಧಿ ಬದಲಾಗದು ಎಂದು ತೋರಿಸಲು ತಾವೇ ಅದರ ಮೇಲೆ ಕುಳಿತು ತೂಗಿದವರು ಅವರು. ಆದರೆ ನನ್ನನ್ನು ಹಿಡಿದು ಕೂರಿಸಿದ್ದು ಲೋಲಕವಲ್ಲ, ಅವರ ಚುಕ್ಕಿಗೆರೆ. ನಮ್ಮ ಮೇಷ್ಟ್ರುಗಳು ಚುಕ್ಕಿಗೆರೆ ಎಂದರೆ ಒಂದೊಂದೇ ಚುಕ್ಕಿಯನ್ನು ಕುಟ್ಟಿ ಕುಟ್ಟಿ ಇಡುತ್ತಿದ್ದರು, ನಾವು ಅಷ್ಟರೊಳಗೆ ಕಿಟಕಿಯಾಚೆ ನೋಡಿಕೊಂಡು ಬರುತ್ತಿದ್ದೆವು. ಲೆವಿನ್ ಸೀಮೆಸುಣ್ಣವನ್ನು ಹಲಗೆಗೆ ಓರೆಯಾಗಿ ಒತ್ತಿ, ಮೊನೆ ಮುಂದಾಗಿರುವಂತೆ ಸರ್ರನೆ ತಳ್ಳುತ್ತಾರೆ. ಕ್ಷಣಾರ್ಧದಲ್ಲಿ ಹಲಗೆಯುದ್ದಕ್ಕೂ ಸಮಾನ ಅಂತರದ ಚುಕ್ಕಿಗಳು ಮೂಡುತ್ತವೆ, ಜೊತೆಗೆ ಟರ್ರೆಂಬ ಸದ್ದು. ಘರ್ಷಣೆ ಮೊನೆಯನ್ನು ಹಿಡಿಯುತ್ತದೆ, ಕೈಯ ಒತ್ತಡ ಬಿಡಿಸುತ್ತದೆ, ಸುಣ್ಣದ ಕಡ್ಡಿ ಜಿಗಿದು ಮತ್ತೆ ಅಂಟುತ್ತದೆ. ಪಿಟೀಲಿನ ಕಮಾನು ತಂತಿಯನ್ನು ನುಡಿಸುವುದೂ ಈ ಹಿಡಿ-ಬಿಡು ಆಟದಿಂದಲೇ. ಅವರ ಚುಕ್ಕಿಗೆರೆಗಳನ್ನಷ್ಟೇ ಆಯ್ದು ಜೋಡಿಸಿದ ವಿಡಿಯೊ ಒಂದಿದೆ. ಅದರಲ್ಲಿ ಸಮೀಕರಣವಿಲ್ಲ, ವಿವರಣೆಯಿಲ್ಲ, ಗೆರೆಯ ಮೇಲೆ ಗೆರೆ, ಗೆರೆಯ ಮೇಲೆ ಗೆರೆ. ನಾನು ಅದನ್ನು ಮೂಲ ವೇಗದಲ್ಲಿಯೇ ಪೂರ್ತಿ ನೋಡಿದೆ, ಮತ್ತೊಮ್ಮೆ ನೋಡಿದೆ, ಸೀಮೆಸುಣ್ಣ ಹುಡುಕಿ ಹಳೆಯ ಹಲಗೆಯೊಂದರ ಮೇಲೆ ಪ್ರಯೋಗವನ್ನೂ ನಡೆಸಿದೆ. ಬಿದ್ದದ್ದು ಕೆಲವು ಗೀರುಗಳು, ಉಳಿದದ್ದು ಕಿವಿ ಕೊರೆಯುವ ಕಿರುಚಾಟ. ಕೋನ ಕಡಿದಾಗಿರಬೇಕು, ಬೆರಳ ಹಿಡಿತ ಸಡಿಲವಾಗಿರಬೇಕು ಎಂಬುದು ನನ್ನ ಈಗಿನ ಅಭಿಪ್ರಾಯ. ಭೌತಶಾಸ್ತ್ರದ ಆ ಪಾಠಮಾಲೆಯಿಂದ ನನಗೆ ದಕ್ಕಿದ ವಿದ್ಯೆ ಇಷ್ಟೇ ಎಂದು ಯಾರಾದರೂ ನಕ್ಕರೆ, ನಗಲಿ.

ಈ ಮೆಚ್ಚುಗೆಗೆ ಒಂದು ಮುಳ್ಳೂ ಇದೆ. ಆನ್‌ಲೈನ್ ಕೋರ್ಸಿನ ವಿದ್ಯಾರ್ಥಿನಿಯೊಬ್ಬಳಿಗೆ ಲೆವಿನ್ ಲೈಂಗಿಕ ಕಿರುಕುಳ ಕೊಟ್ಟರೆಂದು ವಿಚಾರಣೆಯಲ್ಲಿ ಕಂಡುಬಂದು, 2014ರ ಡಿಸೆಂಬರಿನಲ್ಲಿ ಎಂಐಟಿ ಅವರ ಎಮೆರಿಟಸ್ ಪದವಿಯನ್ನು, ಅಂದರೆ ನಿವೃತ್ತಿಯ ನಂತರದ ಗೌರವ ಪ್ರಾಧ್ಯಾಪಕ ಸ್ಥಾನವನ್ನು, ಹಿಂಪಡೆದು, ಪಾಠಗಳನ್ನು ತನ್ನ ತಾಣದಿಂದ ತೆಗೆದುಹಾಕಿತು. ಪ್ರತಿಗಳು ಬೇರೆಡೆ ಉಳಿದವು, ವಿದ್ಯಾರ್ಥಿಗಳು ಇಂದಿಗೂ ನೋಡುತ್ತಿದ್ದಾರೆ. ಚುಕ್ಕಿಗೆರೆಯದೇನು ತಪ್ಪು ಎಂದು ಕೇಳಬಹುದು. ಆ ವಿದ್ಯಾರ್ಥಿನಿಯ ಎದುರಿಗೆ ನಿಂತು ಕೇಳಲು ನನಗಂತೂ ಬಾಯಿ ಬರುವುದಿಲ್ಲ.

ಇವರಾದರೂ ಪಾಠ ಹೇಳಿದವರು. ನನ್ನ ನಿಜವಾದ ಸಿಟ್ಟು ಇನ್ನೊಂದು ಜಾತಿಯ ಹಿರಿಯರ ಮೇಲಿದೆ: ಯಾವ ವಿಷಯವನ್ನೂ ಕಲಿಸದೆ, ನರೆಗೂದಲು ಮತ್ತು ಪುಸ್ತಕದ ಕಪಾಟು ಎರಡನ್ನೂ ಕ್ಯಾಮೆರಾಕ್ಕೆ ಹೊಂದಿಸಿಕೊಂಡು, ಹೇಗೆ ಓದಬೇಕು, ಯಾವಾಗ ಏಳಬೇಕು, ಯಾವ ಬಣ್ಣದ ಶಾಯಿಯಲ್ಲಿ ಗೆರೆ ಎಳೆಯಬೇಕು ಎಂದು ಉಪದೇಶಿಸುವವರು. 1970ರಲ್ಲಿ ಅಮೆರಿಕದ ಸಂಶೋಧಕರು ನಟನೊಬ್ಬನಿಗೆ ಡಾಕ್ಟರ್ ಫಾಕ್ಸ್ ಎಂದು ಹೆಸರಿಟ್ಟು, ಅರ್ಥವಿಲ್ಲದ ಉಪನ್ಯಾಸವೊಂದನ್ನು ಅಭ್ಯಾಸ ಮಾಡಿಸಿ, ಮನೋವೈದ್ಯರು, ಮನಶ್ಶಾಸ್ತ್ರಜ್ಞರ ಮುಂದೆ ನಿಲ್ಲಿಸಿದರು. ಗಣ್ಯ ಗಾಂಭೀರ್ಯದ ಆ ವ್ಯಕ್ತಿಯ ಮಾತನ್ನು ಕೇಳುಗರಲ್ಲಿ ಹೆಚ್ಚಿನವರು ಮೆಚ್ಚಿ ಬರೆದರು. ಇವನಿಗೆ ವಿಷಯವೇ ಗೊತ್ತಿಲ್ಲ ಎಂದು ಒಬ್ಬರಿಗೂ ಹೊಳೆಯಲಿಲ್ಲ. ವಿದ್ವಾಂಸರ ಗತಿಯೇ ಹೀಗಾದರೆ ಹದಿನೆಂಟರ ಹುಡುಗನನ್ನು ಏಕೆ ದೂರಬೇಕು?

ದೂರುವುದಾದರೆ ಇನ್ನೊಂದು ಕಾರಣಕ್ಕೆ ದೂರುತ್ತೇನೆ. ಪಾಸಾದವರು ಯೂಟ್ಯೂಬಿನ ಪಾಠಗಳ ಕೆಳಗೆ "ನಮ್ಮ ಕಾಲೇಜಿನವರು ಒಂದು ವರ್ಷದಲ್ಲಿ ಹೇಳದ್ದನ್ನು ನೀವು ಒಂದು ಗಂಟೆಯಲ್ಲಿ ಹೇಳಿದಿರಿ" ಎಂದು ಬರೆಯುತ್ತಾರೆ. ಆ ಒಂದು ವರ್ಷದ ಗೊಣಗಾಟ ಕಿವಿಯಲ್ಲಿ ಉಳಿದಿದ್ದಕ್ಕೇ ಒಂದು ಗಂಟೆಯ ಮಾತು ಅರ್ಥವಾಗಿರಬಹುದೆಂದು ಯಾರೂ ಬರೆಯುವುದಿಲ್ಲ. ಮನೆಗೆಲಸದ ಲೆಕ್ಕ ತಿದ್ದುವುದು, ತಲೆನೋವೆಂದು ಮೂರನೆಯ ಸಲ ಗೈರಾದವನನ್ನು ಕರೆದು ವಿಚಾರಿಸುವುದು, ಫೇಲಾದವರ ಪತ್ರಿಕೆಯಲ್ಲಿ ಎಲ್ಲಾದರೂ ಅರ್ಧ ಅಂಕ ಸಿಕ್ಕೀತೇ ಎಂದು ಹುಡುಕುವುದು ಇವೆಲ್ಲ ಕಾಲೇಜಿನ ಮೇಷ್ಟ್ರ ಪಾಲಿಗೇ ಇವೆ. ಅವರ ಪರವಾಗಿ ವಾದಿಸುತ್ತ ನಾನು ಇನ್ನೂ ಬಹಳ ದೂರ ಹೋಗುತ್ತಿದ್ದೆ. ಆದರೆ ಈಚೆಗೆ ಕೆಲವು ಮೇಷ್ಟ್ರುಗಳೇ ತರಗತಿಯಲ್ಲಿ ಇಂಥ ವಿಡಿಯೊ ಹಾಕಿ, ಹಿಂದಿನ ಬೆಂಚಿನಲ್ಲಿ ಕುಳಿತು ಫೋನು ನೋಡುತ್ತಾರಂತೆ. ಅವರನ್ನು ಕುರಿತು ಬರೆಯಲು ಹೊರಟರೆ ನನ್ನ ಭಾಷೆ ಕೆಡುತ್ತದೆ.